ಮೊದಲ ಲಡಿ

ನಾಗಮಣಿಯ ಎಡಗೆನ್ನೆಯ ಮೇಲಿರುವ ಕಪ್ಪು ಕಲೆಗೆ ಬಿಸಿಲು ಕಾರಣವಲ್ಲ, ಬೆಟ್ಟದ ಮಾದಪ್ಪನ ಮುನಿಸೂ ಕಾರಣವಲ್ಲ. ಕಾರಣ ನಾನು. ಮಾಡಿಸಿಕೊಳ್ಳದ ಚಿಕಿತ್ಸೆಯೊಂದನ್ನು ಮಾಡಿಸಿಕೊಂಡೆ ಎಂದು ಅವಳಿಗೆ ಹೇಳಿದೆ. ನನ್ನ ಮುಖಕ್ಕೆ ಹಚ್ಚಿಸಿಕೊಳ್ಳಲು ಹೆದರಿದ್ದನ್ನು ಅವಳ ಮುಖಕ್ಕೆ ಹಚ್ಚಿಸಿ ನೋಡಿದೆ. ಆಮೇಲೆ ಮೂರು ವರ್ಷ ಸುಮ್ಮನಿದ್ದೆ.

ಹೆಚ್ಚು ಹೇಳಿದರೆ ಮರುಕ ಬೇಡಿದ ಹಾಗಾಗುತ್ತದೆ. ಕಡಿಮೆ ಹೇಳಿದರೆ — ಅದನ್ನೇ ಅಲ್ಲವೇ ಇಷ್ಟು ದಿನ ಮಾಡಿದ್ದು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ನೋಡುತ್ತೇನೆ.

ನಾಗಮಣಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಯಳಂದೂರಿನವಳು. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಹಿಂದುಗಡೆ ಮಗ್ಗ, ಮುಂದಿನ ಹಜಾರದಲ್ಲಿ ಅಂಗಡಿ. ಗಂಡಸರು ಮಗ್ಗ ನೋಡಿಕೊಂಡರೆ ಅಂಗಡಿ ನಮ್ಮಿಬ್ಬರದು. ಸೀರೆಯನ್ನು ಮಡಿಕೆಯಲ್ಲೇ ತೋರಿಸುವುದು ನಮ್ಮಲ್ಲಿಲ್ಲ. ಬಿಚ್ಚಿ, ಸೆರಗನ್ನು ನಮ್ಮ ಹೆಗಲ ಮೇಲೆ ಹರವಿ, ಗಿರಾಕಿಯ ಎದುರು ನಿಲ್ಲಬೇಕು. ಬಣ್ಣ ಮುಖದ ಪಕ್ಕ ಬಂದಾಗಲೇ ಸೀರೆಗೆ ಜೀವ ಬರುವುದು. ಮದುವೆಯಾಗಿ ಬಂದಾಗಿನಿಂದ ನಾನು ಹಾಗೆ ನಿಲ್ಲುತ್ತಿದ್ದೆ. ನಿಂತು ಮಾರುತ್ತಿದ್ದೆ.

ಒಂದು ದಿನ ಮಧುವನಹಳ್ಳಿಯಿಂದ ಮದುವೆ ಸೀರೆಗೆಂದು ಬಂದ ಹೆಂಗಸೊಬ್ಬಳು, ನಾನು ಅರಗಿಳಿ ಹಸಿರಿನ ಸೆರಗು ಹರವಿಕೊಂಡು ನಿಂತಿರುವಾಗ, ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ನಿಮ್ ಮ್ಯಾಲೆ ಗೊತ್ತಾಗಕಿಲ್ಲ. ಆ ತಂಗಿ ಮ್ಯಾಲಾಕಿ ತೋರ್ಸಿ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾಗಮಣಿ ಸೆರಗು ತೆಗೆದುಕೊಂಡು ಹಾಕಿಕೊಂಡಳು. ಸೀರೆ ಹೋಯಿತು.

ಅಂದಿನಿಂದ ಅಂಗಡಿಯ ನಿಲುವುಗನ್ನಡಿಯಲ್ಲಿ ನಾನು ಸೀರೆ ನೋಡುವುದು ಬಿಟ್ಟು ಮುಖ ನೋಡತೊಡಗಿದೆ. ಕೆನ್ನೆಯ ಮೇಲೆ ಬಂಗು. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿದ ಗೆರೆಗಳು. ಗಲ್ಲದ ಕೆಳಗೆ ಸಡಿಲಾದ ಚರ್ಮ. ಎರಡು ಬೆರಳಿನಿಂದ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ಹಿಡಿದರೆ ಹಳೆಯ ನಾನು ಕಾಣುತ್ತಿದ್ದೆ. ಬಿಟ್ಟರೆ — ಬಿಟ್ಟರೆ ಇವಳು. ಐವತ್ತರ ಹತ್ತಿರದ ಹೆಂಗಸಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆಸೆ ಮಾತ್ರ ಹೋಗಲಿಲ್ಲ.

ಹನೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ರೂಪ ನಮ್ಮ ಗಿರಾಕಿ. ಅವಳು ಹೊಸದಾಗಿ 'ಪೀಲ್' ಮಾಡುವುದನ್ನು ಕಲಿತು ಬಂದಿದ್ದಳು. ಮುಖಕ್ಕೆ ಒಂದು ದ್ರಾವಣ ಹಚ್ಚಿದರೆ ಮೇಲಿನ ಹಳೆಯ ಚರ್ಮ ಸುಲಿದು ಹೋಗಿ ಹೊಸದು ಬರುತ್ತದೆ, ಬಂಗೂ ಹೋಗುತ್ತದೆ, ಗೆರೆಯೂ ತೆಳುವಾಗುತ್ತದೆ ಎಂದಳು. ನಾನು ಯಾರಿಗೂ ಹೇಳದೆ ಹನೂರಿನ ಬಸ್ಸು ಹತ್ತಿದೆ.

ರೂಪ ಕುರ್ಚಿಯ ಮೇಲೆ ಕೂರಿಸಿ, ಮುಖ ತೊಳೆದು, ಏನೋ ಹಚ್ಚಿ ಒರೆಸಿ, ಆಮೇಲೆ ಒಂದು ಸಣ್ಣ ಬಾಟಲಿಯ ಮುಚ್ಚಳ ತೆಗೆದಳು. ಚುರುಕೆನ್ನುವ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆಗೆ ಬಣ್ಣ ಹಿಡಿಯಲೆಂದು ನಮ್ಮ ಮಾವ ಹಂಡೆಗೆ ಹಾಕುತ್ತಿದ್ದ ಆಸಿಡ್ಡಿನ ನೆನಪಾಯಿತು. ಅದು ಕೈಮೇಲೆ ಸಿಡಿದರೆ ಹೇಗಿರುತ್ತದೆಂದು ನನಗೆ ಗೊತ್ತು. "ಇವತ್ ಬ್ಯಾಡ ರೂಪ, ಇನ್ನೊಂದಿನ ಬತ್ತೀನಿ" ಎಂದು ಎದ್ದುಬಿಟ್ಟೆ.

ಅಲ್ಲಿಗೇ ಮುಗಿದಿದ್ದರೆ!

ಮನೆಗೆ ಬಂದಾಗ ನಾಗಮಣಿ ಬಾಗಿಲಲ್ಲಿದ್ದಳು. "ಏನಕ್ಕಾ, ಮಕ ಇಂಗೆ ಫಳಫಳ ಅಂತದೆ! ಎಲ್ಲೋಗಿದ್ದೆ?" ರೂಪ ಒರೆಸಿದ್ದರ ಹೊಳಪು ಇನ್ನೂ ಇತ್ತೋ, ಬಸ್ಸಿನ ಸೆಕೆಯೋ — ಗೊತ್ತಿಲ್ಲ. ಆದರೆ ಬಹಳ ದಿನಗಳಿಂದ ಯಾರೂ ನನ್ನ ಮುಖಕ್ಕೆ ಹೇಳದ ಮಾತು ಅದು. ಅದನ್ನು ಕೈಬಿಡಲಾಗಲಿಲ್ಲ. ಪೀಲ್ ಮಾಡಿಸಿಕೊಂಡು ಬಂದೆ ಎಂದೆ.

ಇದು ಜಂಬದ ಸುಳ್ಳು. ಇದಕ್ಕೆ ನಾನು ಅಷ್ಟು ನಾಚುವುದಿಲ್ಲ. ನಾಚುವುದು ಮುಂದಿನದಕ್ಕೆ.

ಮಾವನ ಕಾಲದಲ್ಲಿ ಬಣ್ಣವನ್ನೂ ಮನೆಯ ಹಿತ್ತಲಲ್ಲೇ ಹಾಕುತ್ತಿದ್ದರು. ಎಷ್ಟೇ ಅವಸರವಿದ್ದರೂ ಇಡೀ ನೂಲನ್ನು ಒಂದೇ ಸಲ ಹಂಡೆಗೆ ಇಳಿಸುತ್ತಿರಲಿಲ್ಲ. ಮೊದಲು ಒಂದೇ ಒಂದು ಲಡಿ, ಅಂದರೆ ನೂಲಿನ ಒಂದು ಸಣ್ಣ ಸುರುಳಿ, ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಿ ನೋಡಬೇಕು. ಕೆಟ್ಟರೆ ಅದೊಂದು ಕೆಡುತ್ತದೆ. ಆ ಕೆಲಸ ನನ್ನದಾಗಿತ್ತು. ಅದು ನನ್ನ ಕೈಗೆ ಎಷ್ಟು ಹತ್ತಿಹೋಗಿತ್ತೆಂದರೆ — ನಾಗಮಣಿ ತನ್ನ ಕೆನ್ನೆಯಲ್ಲಿ ಆಗಷ್ಟೇ ಮೂಡಿದ್ದ ಬಂಗು ಮುಟ್ಟಿಕೊಂಡು, "ನಂಗೂ ಓಯ್ತದಾ ಅಕ್ಕ? ನೋವಾಯ್ತದಾ?" ಎಂದು ಕೇಳಿದಾಗ, ಒಳಗೆ ಯಾರೋ ತಣ್ಣಗೆ ಹೇಳಿದರು: ಇವಳು ಮೊದಲು ಹೋಗಿ ಬರಲಿ. ಯಾರೋ ಅಲ್ಲ, ನಾನೇ.

"ಏನೂ ಆಗಕಿಲ್ಲ ಕಣವ್ವ. ನಾ ಮಾಡುಸ್ಕಂಡಿಲ್ವಾ?"

ಇಷ್ಟೇ ನಾನು ಆಡಿದ್ದು. ಬಾಯಿ ತಪ್ಪಿ ಬಂದ ಮಾತೆಂದು ಯಾರೂ ತಿಳಿಯಬಾರದು. ಮರುದಿನ ರೂಪಳಿಗೆ ಫೋನು ಮಾಡಿ, ನಮ್ಮ ನಾಗಮಣಿ ಬರುತ್ತಾಳೆ, ನಾನು ಹಾಗೇ ಎದ್ದು ಬಂದದ್ದನ್ನು ಅವಳಿಗೆ ಹೇಳಬೇಡ, ಸುಮ್ಮನೆ ಹೆದರುತ್ತಾಳೆ ಎಂದು ಹೇಳಿದೆ. ಹಾಗೆ ಹೇಳುವಾಗ ನನ್ನ ದನಿ ನಡುಗಲಿಲ್ಲ. ಅದು ಚೆನ್ನಾಗಿ ನೆನಪಿದೆ.

ನಾಗಮಣಿ ಹೋಗಿ ಬಂದಳು. ಮೊದಲ ಎರಡು ದಿನ ಮುಖ ಹೊಳೆಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಮುಂದಿನ ವಾರ ನಾನೂ ಹೋಗುವುದೆಂದುಕೊಂಡೆ. ಒದ್ದೆ ಲಡಿ ಯಾವಾಗಲೂ ಹೊಳೆಯುತ್ತದೆ, ಒಣಗುವ ತನಕ ಬಣ್ಣ ಹೇಳಬಾರದು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮೂರನೆಯ ದಿನ ಸಂಜೆ ಅವಳು ಅಡುಗೆಮನೆಗೆ ಬಂದು ಎಡಗೆನ್ನೆ ತೋರಿಸಿದಳು. "ಅಕ್ಕಾ, ಇಲ್ಲಿ ಉರೀತದೆ." ಕೆಂಪಗೆ ಊದಿತ್ತು. ನಡುವೆ ಸಣ್ಣ ನೀರುಗುಳ್ಳೆ. ನಾನು ಕಂಡೆ. ಕಂಡು, "ಹೊಸ ಚರ್ಮ ಬರೋವಾಗ ಅಂಗೇಯ. ನಂಗೂ ಆಗಿತ್ತು" ಎಂದೆ. ಆ ಹೊತ್ತಿನಲ್ಲಿ ಒಂದು ನಿಜ ಹೇಳಿದ್ದರೆ ಅವಳು ಡಾಕ್ಟರ ಹತ್ತಿರ ಹೋಗುತ್ತಿದ್ದಳು. ನನ್ನ ಮಾತು ನಂಬಿ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗಿದಳು.

ಮರುದಿನ ಬೆಳಿಗ್ಗೆ ಅವಳು ಹರಕೆಗಾಗಿ ಮಹದೇಶ್ವರ ಬೆಟ್ಟಕ್ಕೆ ನಡೆದು ಹೊರಟಳು. ಗಂಡನ ಆಪರೇಷನ್ ಸುಸೂತ್ರವಾಗಲೆಂದು ಹೊತ್ತ ಹರಕೆ. ಜೊತೆಯ ಹೆಂಗಸರೆಲ್ಲ ಹೊರಟಿದ್ದರು, ಮುಂದೂಡುವಂತಿರಲಿಲ್ಲ. ಬಿಸಿಲಿಗೆ ಹೋಗಬೇಡ ಎಂದು ರೂಪ ಹೇಳಿದ್ದಳಂತೆ. ಬೆಟ್ಟದಿಂದ ಹಿಂದಿರುಗಿದಾಗ ಗುಳ್ಳೆ ಒಡೆದು ಗಾಯವಾಗಿತ್ತು. ಗಾಯ ಮಾಯಿತು, ಕಲೆ ನಿಂತಿತು.

"ನಂದೇ ತಪ್ಪು ಕಣಕ್ಕ. ಮಾದಪ್ಪನ ದಾರೀಲಿ ನಡೆಯೋಳು ಮಕದ ಮ್ಯಾಲೆ ಆಸೆ ಮಡಿಕಂಡು ಓಗ್ಬಾರ್ದಿತ್ತು" ಎಂದಳು ನಾಗಮಣಿ.

ನಾನು ತಲೆಯಾಡಿಸಿದೆ. ಹೌದು ಎನ್ನುವ ಹಾಗೆ.

ನಾನು ಮತ್ತೆ ಹನೂರಿಗೆ ಹೋಗಲಿಲ್ಲ. ನಾಗಮಣಿ ಸೆರಗು ಹರವಿ ನಿಲ್ಲುವುದನ್ನು ಬಿಟ್ಟಳು. ಗಿರಾಕಿ ಬಂದರೆ ಒಳಗೆ ಹೋಗಿ ಕುಚ್ಚು ಕಟ್ಟುತ್ತ ಕೂರುತ್ತಿದ್ದಳು. ಮದುವೆ ಮನೆಗಳಲ್ಲಿ ಎಡಗಡೆ ಗೋಡೆ ಇರುವಂಥ ಜಾಗ ಹುಡುಕುತ್ತಿದ್ದಳು. ಹಜಾರದಲ್ಲಿ ಮತ್ತೆ ನಾನೊಬ್ಬಳೇ ಸೀರೆ ಹಾಕಿಕೊಂಡು ನಿಲ್ಲತೊಡಗಿದೆ. ನನಗೆ ಬೇಕಾದದ್ದು ಅದೇ ಆಗಿತ್ತೇ — ಈ ಪ್ರಶ್ನೆಯನ್ನು ನಾನು ಇಂದಿಗೂ ಪೂರ್ತಿ ಕೇಳಿಕೊಳ್ಳಲಾರೆ.

ಈ ವರ್ಷ ನಾಗಮಣಿ ಫೋನಿನಲ್ಲಿ ಲೇಸರ್ ಚಿಕಿತ್ಸೆಯ ವಿಡಿಯೊ ನೋಡಿದಳು. "ಒಂದ್ಸಲ ನೋಡೇಬುಡಾನ ಅಕ್ಕ. ನಿನ್ ಮಕಕ್ಕೆ ಒಗ್ತು, ನಂದು ಕೆಟ್ ಚರ್ಮ, ಅದ್ಕೇನಾರ ಬ್ಯಾರೆ ಇರ್ಬೋದು" ಎಂದಳು. ಮೂರು ವರ್ಷ ಅವಳು ತನ್ನ ಚರ್ಮವನ್ನು ಬಯ್ದುಕೊಂಡಿದ್ದಳು. ಮೊದಲು ಚರ್ಮದ ಡಾಕ್ಟರನ್ನು ಕಾಣೋಣ ಎಂದು ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಪೀಲು, ಬೆಟ್ಟದ ಬಿಸಿಲು ಎಂದು ನಾಗಮಣಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕನ್ನಡಕ ಏರಿಸಿ ಕಲೆಯನ್ನು ಹತ್ತಿರದಿಂದ ನೋಡಿ, "ಹಚ್ಚುವ ಮೊದಲು ಕಿವಿ ಹಿಂದೆ ಸ್ವಲ್ಪ ಹಚ್ಚಿ ನೋಡಿದ್ರಾ? ಯಾರ ಚರ್ಮಕ್ಕೆ ಹಚ್ಚೋದೋ ಅವರದ್ದೇ ಚರ್ಮದ ಮೇಲೆ ನೋಡ್ಬೇಕು" ಎಂದರು.

ಮಾವ ಎದುರು ಬಂದು ನಿಂತ ಹಾಗಾಯಿತು. ಯಾವ ನೂಲಿಗೆ ಬಣ್ಣ ಹಾಕಬೇಕೋ ಅದೇ ನೂಲಿನಿಂದ ಮೊದಲ ಲಡಿ ತೆಗೆಯಬೇಕೆಂದು ಅವರು ಎಷ್ಟು ಸಲ ಗದರಿದ್ದರು! ಬೇರೆ ನೂಲು ಅದ್ದಿದರೆ ಏನೂ ತಿಳಿಯುವುದಿಲ್ಲ, ಅದು ಸುಮ್ಮನೆ ಹಾಳಾಗುತ್ತದೆ, ಅಷ್ಟೇ.

"ಉರಿ ಶುರುವಾಗಿದ್ದು ಬಿಸಿಲಿಗೆ ಹೋಗೋ ಮೊದಲಾ, ಆಮೇಲಾ?" ಡಾಕ್ಟರು ಕೇಳಿದರು.

"ಹಿಂದಿನ್ ಸಂಜೇನೇ ಗುಳ್ಳೆ ಇತ್ತು ಮೇಡಂ. ಆದ್ರೆ ಅದು ಎಲ್ರಿಗೂ ಆಯ್ತದಂತೆ. ನಮ್ಮಕ್ಕಂಗೂ ಆಗಿತ್ತು" ಎಂದಳು ನಾಗಮಣಿ.

ಡಾಕ್ಟರು ನನ್ನ ಕಡೆ ತಿರುಗಿದರು. ಪೆನ್ನು ಕಾಗದದ ಮೇಲೆ ನಿಂತಿತ್ತು. "ನಿಮಗೂ ಅದೇ ಪಾರ್ಲರಲ್ಲಿ, ಅದೇ ಪೀಲಾ? ನಿಮಗೂ ಗುಳ್ಳೆ ಬಂದಿತ್ತಾ?"

ನನ್ನ ಉತ್ತರ ನಂಬಿ ಅವರು ಔಷಧಿ ಬರೆಯುತ್ತಾರೆ. ಅದು ಮತ್ತೆ ನಾಗಮಣಿಯ ಮುಖಕ್ಕೇ ಹೋಗುತ್ತದೆ.

"ಇಲ್ಲ" ಎಂದೆ. "ನಾನು ಮಾಡಿಸಿಕೊಂಡೇ ಇಲ್ಲ. ಹೆದರಿ ಎದ್ದು ಬಂದೆ. ಇವಳಿಗೆ ಸುಳ್ಳು ಹೇಳಿದೆ."

ನಾಗಮಣಿ ನನ್ನನ್ನು ನೋಡಲಿಲ್ಲ. ಡಾಕ್ಟರು ಅವಳ ಕಡೆ ತಿರುಗಿ ಅವಳಿಗೇ ಹೇಳಿದರು: ನಿಮ್ಮ ಚರ್ಮ ಕೆಟ್ಟದ್ದಲ್ಲ, ದ್ರಾವಣ ಜೋರಾಗಿತ್ತು, ಸುಟ್ಟದ್ದು ಅದೇ, ಬಿಸಿಲು ಕಲೆಯನ್ನು ಇನ್ನಷ್ಟು ಕಪ್ಪಾಗಿಸಿದೆ, ಈಗ ಲೇಸರ್ ಬೇಡ, ಮುಲಾಮು ಹಚ್ಚಿ ಬಿಸಿಲಿಂದ ಕಾಪಾಡಿಕೊಂಡರೆ ನಿಧಾನವಾಗಿ ತಿಳಿಯಾಗುತ್ತದೆ, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನರಸೀಪುರದ ಹೊಳೆಯ ಸೇತುವೆ ಮುಗಿದ ಮೇಲೆ, ಹೊರಗೆ ನೋಡುತ್ತಲೇ ಕೇಳಿದಳು:

"ಅಂಗಾದ್ರೆ ನಿನ್ ಮಕಕ್ಕೆ ಏನೂ ಹಚ್ಚೇ ಇಲ್ವಾ?"

"ಇಲ್ಲ ಕಣೇ."

"ಅಕ್ಕಂಗೆ ಹತ್ವರ್ಸ ಕಮ್ಮಿ ಆಗದೆ ಅಂತ ಬೀದಿಗೆಲ್ಲಾ ಏಳ್ಕಂಡು ಬಂದ್ನಲ್ಲ ನಾನು! ನನ್ ಕಣ್ಗೆ ಕಂಡಿದ್ದೇನು ಮತ್ತೆ?"

ನಗು ಬಂದಂತಾಗಿ ಅವಳ ಹೆಗಲು ಕುಲುಕಿತು. ಆಮೇಲೆ ಅದು ನಗುವಾಗಿರಲಿಲ್ಲ. ನಾನು ಕೈ ಮುಟ್ಟಲು ಹೋದೆ. "ಮುಟ್ಬ್ಯಾಡ" ಎಂದಳು. ಸರಿಯಾಗಿಯೇ ಹೇಳಿದಳು.

ಅದಾದ ಮೇಲೆ ಬಹಳ ದಿನ ನನ್ನ ಜೊತೆ ಅವಳು ಆಡಿದ್ದು ಅನ್ನ, ಸಾರು, ಗಿರಾಕಿ ಇಷ್ಟೇ ಮಾತು. ನಾನು ಅವಳ ಎದುರಿಗೇ ಗಂಡನಿಗೂ ಮೈದುನನಿಗೂ ನಡೆದದ್ದನ್ನು, ಅವಳನ್ನು ಮೊದಲ ಲಡಿ ಮಾಡಿಕೊಂಡದ್ದನ್ನೂ ಬಿಡದೆ, ಹೇಳಿದೆ. ಮೈದುನ ಎದ್ದು ಹೊರಗೆ ಹೋದ. ಅವನು ಇನ್ನೂ ನನ್ನನ್ನು ನೇರ ನೋಡುವುದಿಲ್ಲ.

ಹೋದ ತಿಂಗಳು ಅಂಗಡಿ ತುಂಬ ಜನ. ನಾನು ಕೆಂಪು ಸೀರೆ ಬಿಚ್ಚುತ್ತಿದ್ದೆ. ಒಳಗಿನಿಂದ ನಾಗಮಣಿ ಬಂದು, "ತತ್ತಾ ಇತ್ತ" ಎಂದು ಸೆರಗು ಕಿತ್ತುಕೊಂಡು ತನ್ನ ಎಡ ಹೆಗಲ ಮೇಲೆ ಹರವಿಕೊಂಡು, ಕಲೆಯಿರುವ ಕೆನ್ನೆಯನ್ನೇ ಮುಂದೆ ಮಾಡಿ ನಿಂತಳು. ಗಿರಾಕಿಯ ತಾಯಿ, "ಏನವ್ವಾ ಅದು ಕೆನ್ನೆ ಮ್ಯಾಲೆ?" ಎಂದಳು.

ನಾಗಮಣಿ ನನ್ನ ಕಡೆ ನೋಡಿದಳು.

"ನನ್ನಿಂದ ಆದದ್ದು ಅದು" ಎಂದೆ. "ನನ್ನ ಮಾತು ಕೇಳಿ ಸುಟ್ಟುಕೊಂಡಳು."

ಆ ಹೆಂಗಸು ಇಬ್ಬರನ್ನೂ ನೋಡಿ ಗಾಬರಿಯಾದಳು. ನಾಗಮಣಿ ಸೆರಗು ಸರಿಮಾಡಿಕೊಂಡು, "ಸೀರೆ ನೋಡವ್ವ ನೀನು. ಮಕ ಬೇಕಂದ್ರೆ ಅಕ್ಕನ್ದ ನೋಡು, ಅದ್ಕೆ ಒಂದ್ ತೊಟ್ಟೂ ಮುಟ್ಸಿಲ್ಲ, ಗ್ಯಾರಂಟಿ ಮಾಲು" ಎಂದಳು. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ, ಆದರೆ ಉಸಿರಾಡಲು ಆಯಿತು.

ಈಗ ಯಾರು ಕೇಳಿದರೂ ಉತ್ತರ ಹೇಳುವವಳು ನಾನೇ. ಅದು ನಮ್ಮಿಬ್ಬರ ನಡುವೆ ಮಾತಿಲ್ಲದೆ ಆದ ಏರ್ಪಾಡು. ಕಲೆ ಅಂಚಿನಲ್ಲಿ ತಿಳಿಯಾಗುತ್ತಿದೆ — ನನಗೆ ಹಾಗೆ ಕಾಣುತ್ತಿದೆ ಎನ್ನುವುದಿಲ್ಲ, ಡಾಕ್ಟರು ನೋಡಿ ಹೇಳಿದ್ದಾರೆ.

ಮುಖದ ಆಸೆ ನನಗೆ ಹೋಗಿದೆ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಮೊನ್ನೆ ಎರಡನೆಯ ಸಲ ಮೈಸೂರಿಗೆ ಹೋದಾಗ ನನ್ನ ಬಂಗನ್ನೂ ಡಾಕ್ಟರಿಗೆ ತೋರಿಸಿದೆ. ಒಂದು ಮುಲಾಮು ಬರೆದುಕೊಟ್ಟರು. ಮನೆಗೆ ಬಂದು ಅದನ್ನು ಕೈಯಲ್ಲಿ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ನಾಗಮಣಿ ಹಿಂದಿನಿಂದ ಬಂದು ಟ್ಯೂಬು ಕಿತ್ತುಕೊಂಡಳು.

"ಕೂತ್ಕೊ. ಈ ಸಲ ಮೊದಲ್ನೇ ಲಡಿ ನೀನೇಯ."

ಕೂತೆ. ನನ್ನ ಕೂದಲು ಪಕ್ಕಕ್ಕೆ ಸರಿಸಿ, ಕಿವಿಯ ಹಿಂದೆ ಅವಳ ಬೆರಳು ಸವರಿತು. ತಣ್ಣಗಿತ್ತು. ಆಮೇಲೆ ಅವಳು ಹೋಗಲಿಲ್ಲ. ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು, ಅದು ಒಣಗುವ ತನಕ ನೋಡುತ್ತ ಕೂತಳು.

"ಉರೀತದಾ?" ಎಂದು ಕೇಳಿದಳು.

ನಾನು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಕಾದು, ಇರುವುದನ್ನೇ ಹೇಳಿದೆ. "ಚೂರು."