ಬೆನ್ನು ತಿರುಗಿಸಿ ನೋಡಿದ ಬೂಟು

ನಮ್ಮ ಡ್ರಿಲ್ ಮಾಸ್ತರರು ಓಟವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಮುಂಜಾನೆ ಸಂಶಿಯಿಂದ ಕುಬಿಹಾಳದ ಕಡೆಗೆ ನಾವು ಹುಡುಗಿಯರು ಓಡುವಾಗ, ಅವರು ಬೇವಿನ ಗಿಡಕ್ಕೆ ಸೈಕಲ್ ಆನಿಸಿ, ನಮಗೆ ಬೆನ್ನು ತಿರುಗಿಸಿ ನಿಲ್ಲುವರು. ಸೀಟಿನ ಮೇಲೆ ಬೆರಳಿನಿಂದ ನಮ್ಮ ಹೆಜ್ಜೆಯ ತಾಳ ಬಡಿಯುವರು. ಯಾಕೆ ಹೀಗೆ ಅಂತ ಕೇಳಿದರೆ ಒಂದೇ ಉತ್ತರ: “ಕಣ್ಣಿಗೆ ಬೂಟು ಕಾಣ್ತೈತಿ, ಕಿವಿಗೆ ಕಾಲು ಕಾಣ್ತೈತಿ.”

ತಾಲೂಕಾ ಓಟ ಹತ್ತಿರ ಬಂದಿತ್ತು. ಅಲ್ಲಿಯತನಕ ಬರಿಗಾಲಲ್ಲಿ ಓಡುತ್ತಿದ್ದ ನಾನು ಅಂದು ಅಣ್ಣನ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೋದೆ. ಅಣ್ಣನೂ ಮಾಸ್ತರರ ಕೈಯಲ್ಲೇ ಓಟ ಕಲಿತವನು; ಕಂಡಕ್ಟರ್ ನೌಕರಿ ಸಿಕ್ಕು ಊರು ಬಿಟ್ಟಾಗ ಇವನ್ನು ಮನೆಯಲ್ಲೇ ಬಿಟ್ಟಿದ್ದ. ಅವನು ಪಾದದ ಹೊರ ಅಂಚು ಊರಿ ಓಡುವವ, ಬೂಟಿನ ಹಿಮ್ಮಡಿ ಆ ಕಡೆಗೇ ಸವೆದಿತ್ತು. ನನಗೆ ದೊಡ್ಡವಾಗಿದ್ದಕ್ಕೆ ತುದಿಯಲ್ಲಿ ಅರಳೆ ತುರುಕಿ, ಮೇಲೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ್ದೆ. ಹಳೇ ಬೂಟೆಂದರೆ ಮಾಸ್ತರರು ಬೇಡ ಅಂದಾರು ಎಂಬ ಅಂಜಿಕೆ.

“ಹುಬ್ಬಳ್ಳಿಯಿಂದ ತರಿಸಿದ ಹೊಸಾ ಬೂಟ್ರಿ ಸರ್. ದಿನಾ ಓಡಾಕ ನಡೀತಾವೇನ್ರಿ?” ಎಂದೆ.

ಅವರು ತಿರುಗಲಿಲ್ಲ. “ಆ ಮೈಲಿಗಲ್ಲಿನತನಕ ಓಡಿ ಬಾ.”

ಓಡಿದೆ. ವಾಪಸು ಬರುವಷ್ಟರಲ್ಲಿ ಬೆರಳು ಸೀಟಿನ ಮೇಲೆ ನಿಂತುಬಿಟ್ಟಿತ್ತು.

“ಬೂಟು ಅಗದಿ ಹಗುರ ಅದಾವು. ದಿನಾ ಓಡಾಕ ಅಡ್ಡಿಯಿಲ್ಲ,” ಎಂದರು, ಹೊಲದ ಕಡೆಗೆ ನೋಡುತ್ತಲೇ. “ಖರೆ ಯವ್ವಾ, ನಿಮ್ಮಣ್ಣ ಅದರಾಗಿಂದ ಇನ್ನೂ ಇಳದಿಲ್ಲ.”