ಮುಕ್ಕಾಲು ಓದಿ ಬಿಟ್ಟ ಕಾದಂಬರಿ

ಪುಸ್ತಕ ಹಿಡಿದರೆ ಮುಗಿಸಿಯೇ ಕೆಳಗಿಡುವವಳು ನಾನು. ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಮ್ಮ ಬೈಯುತ್ತಿದ್ದಳಲ್ಲ, ಅದೇ ಭಯ ಪುಸ್ತಕಕ್ಕೂ ಅಂಟಿಕೊಂಡಿದೆ. ಈ ವರ್ಷ ಓದಲೇಬೇಕೆಂದು ಗುರುತು ಹಾಕಿಕೊಂಡವುಗಳಲ್ಲಿ ಮೊದಲನೆಯ ಕಾದಂಬರಿಯೇ ಕೈಕೊಟ್ಟಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲರೂ ಹೊಗಳಿದ್ದರು. ಗಂಡನ ಮನೆ ಬಿಡಬೇಕೋ ಬೇಡವೋ ಎಂದು ಒಬ್ಬಳು ಯೋಚಿಸುವ ಕಥೆ. ಮುಕ್ಕಾಲು ಪುಸ್ತಕ ಕಳೆದರೂ ಪುಣ್ಯಾತ್ಗಿತ್ತಿ ಹೊಸ್ತಿಲು ದಾಟಿಲ್ಲ. ಒಂದು ಲೋಟ ಕಾಫಿ ಕುಡಿಯಲು ಅವಳಿಗೆ ಎರಡು ಪುಟ ಬೇಕು.

ದಿನಾ ಕೆಲಸ ಮುಗಿಸಿ ಬೆಂಗಳೂರಿನಿಂದ ವಾಪಸ್ ಬರುವ ಸಂಜೆ ರೈಲಿನಲ್ಲಿ ಒಬ್ಬ ತಾಯಿ, ಅವರ ಮಗಳು ನನಗೊಂದು ಸೀಟು ಹಿಡಿದಿರುತ್ತಾರೆ. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ನಾನು ಬಂಗಾರಪೇಟೆಯಲ್ಲಿ ಇಳಿದರೆ ಅವರು ಮುಂದೆ ಚಿನ್ನದ ಗಣಿಯ ಕಡೆ, ಊರಿಗಾಂವರೆಗೆ. ತಾಯಿಯದು ತಮಿಳು, ಕನ್ನಡ ಸಂತೆಗೆ ಸಾಕಾಗುವಷ್ಟು. ಮಗಳಿಗೆ ಎರಡೂ ಸಲೀಸು. ಬೆಳಿಗ್ಗೆ ಓದಿದ್ದನ್ನು ಸಂಜೆ ನಾನು ಮಗಳಿಗೆ ಹೇಳುವುದು, ಅವಳು ಸೊಪ್ಪು ಬಿಡಿಸುತ್ತಲೇ ಅದನ್ನು ಎದುರು ಕೂತ ತಾಯಿಗೆ ತಮಿಳಿನಲ್ಲಿ ದಾಟಿಸುವುದು ರೂಢಿಯಾಗಿತ್ತು.

ಈ ಕಡೆಯವರಿಗೆ ತಮಿಳು ಕಲಿಯದೆಯೂ ಅರ್ಥವಾಗುತ್ತದೆ. ಒಂದು ಸಂಜೆ ಕಿವಿಗೊಟ್ಟರೆ, ಅಯ್ಯೋ ಶಿವನೇ, ಇವಳ ಕಥೆಯಲ್ಲಿ ಆ ಹೆಂಗಸು ಯಾವತ್ತೋ ಮನೆ ಬಿಟ್ಟು, ರೂಮು ಹಿಡಿದು, ಟೈಲರಿಂಗ್ ಕೆಲಸಕ್ಕೆ ಸೇರಿ, ತನಗಿಷ್ಟವಾದ ಮೀನಿನ ಸಾರು ಮಾಡಿಕೊಂಡು ಉಣ್ಣುತ್ತಿದ್ದಾಳೆ! ನನಗೆ ಉರಿದುಹೋಯಿತು. ನಾನು ಆಕಳಿಸುತ್ತಾ ಒಂದೊಂದೇ ಪುಟ ಎಳೆಯುವುದು, ಇವಳು ಬಾಯಿಗೆ ಬಂದದ್ದು ಹೆಣೆಯುವುದು.

ಮಾರನೆಯ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದಾಗ ಮಗಳನ್ನು ಕೇಳಿಯೇಬಿಟ್ಟೆ. ತಾಯಿ ಮುಂದೆ ಹೋಗುವವರೆಗೆ ಕಾದು ಅವಳು ಹೇಳಿದಳು. ಕೈ ಮಾಡುವ ಗಂಡನನ್ನು ಬಿಟ್ಟು ಅವಳೇ ತಾಯಿಯ ಮನೆಗೆ ಬಂದಿದ್ದಾಳೆ. ಬರುವ ಭಾನುವಾರ ಅವಳನ್ನು ಬೇತಮಂಗಲಕ್ಕೆ ಕರೆದೊಯ್ದು ಅದೇ ಗಂಡನ ಹತ್ತಿರ ಬಿಟ್ಟುಬರುವುದೆಂದು ತಾಯಿ ನಿಶ್ಚಯಿಸಿದ್ದಾರೆ. ಬೇರೆ ಮನೆ ಮಾಡುತ್ತೇನೆಂದರೆ ಬಾಯಿ ಬಿಡಗೊಡುವುದಿಲ್ಲ. ಕಥೆಯಾದರೆ ಕೇಳುತ್ತಾರೆ. ನನ್ನ ಕೋಪ ಜರ್ರನೆ ಇಳಿಯಿತು.

ಶುಕ್ರವಾರ ಸಂಜೆ ತಾಯಿ ನನ್ನನ್ನೇ ಹಿಡಿದರು.

"ಕಡೇಲಿ ಆ ಪೊಣ್ಣು ಗಂಡನ್ ಮನೆಗೆ ತಿರುಗಿ ಬಂದ್ಳಾ? ನೋಡ್ಬುಟ್ಟು ನಾಳೆ ಯೋಳಮ್ಮ."

ಮಗಳು ತಲೆ ಎತ್ತಲಿಲ್ಲ. ಸೊಪ್ಪು ಬಿಡಿಸುವ ಕೈ ನಿಂತಿತ್ತು.

ಮನೆಗೆ ಬಂದು ಕುಕ್ಕರ್ ಇಟ್ಟು ಪುಸ್ತಕ ತೆರೆದೆ, ಮುಚ್ಚಿದೆ. ಬಾಗಿಲವರೆಗೆ ಹೋದೆ, ಬಂದೆ. ಉಳಿದದ್ದು ಬೆರಳ ದಪ್ಪ, ಅಷ್ಟೇ. ಆದರೆ ಇಷ್ಟೆಲ್ಲ ಯೋಚಿಸುವ ಹೆಂಗಸನ್ನು ಬರೆಯುವವರು ಕಡೆಗೆ ತಂದು ಅಡುಗೆಮನೆಯಲ್ಲೇ ನಿಲ್ಲಿಸುತ್ತಾರೆಂದು ನನ್ನ ಅನುಮಾನ. ಓದಿದೆನೋ, ಕೆಟ್ಟೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖವೇ ಎಲ್ಲವನ್ನೂ ಕಕ್ಕಿಬಿಡುತ್ತದೆ. ಹಾಗಂತ ಬಿಟ್ಟುಬಿಡಲೂ ಜೀವ ಒಪ್ಪದು. ನನ್ನ ಗಂಡ ಊಟಕ್ಕೆ ಕೂಗುವವರೆಗೂ ಒದ್ದಾಡಿ, ಹಾಳಾಗಿ ಹೋಗು ಎಂದು ಅದನ್ನು ಅಟ್ಟದ ಮೇಲೆ ಎಸೆದೆ.

ಶನಿವಾರ ರೈಲು ಹೊರಟ ಮೇಲೆ ತಾಯಿಗೆ ಹೇಳಿದೆ, "ಪುಸ್ತಕ ಪೂರ್ತಿ ಓದಲಿಲ್ಲಮ್ಮ, ಬಿಟ್ಟುಬಿಟ್ಟೆ. ಕೊನೆ ನನಗೆ ಗೊತ್ತಿಲ್ಲ. ನಿಮ್ಮ ಮಗಳು ಹೇಳಿದ ಕಥೆಯೇ ಚೆನ್ನಾಗಿದೆ."

ಹೇಳಿದ ಮೇಲೆ ಗೊತ್ತಾಯಿತು, ಗುಟ್ಟು ಬಿಟ್ಟುಕೊಟ್ಟಿದ್ದೆ. ನಾಲಗೆ ಕಚ್ಚಿಕೊಂಡೆ.

"ಅದು ಪುಸ್ತಕದಾಗಿಲ್ಲ ಅಂತ ನಂಗೂ ಗೊತ್ತಮ್ಮ," ಎಂದರು ತಾಯಿ. "ಅವ್ಳು ನೋಡಿರೋ ರೂಮಲ್ಲಿ ನೀರು ಬರ್ತದಾ, ಕೇಳು."

ನಾನು ಕೇಳಬೇಕಾಗಲಿಲ್ಲ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ದಿನ ಬಿಟ್ಟು ದಿನ ಬರುತ್ತದೆ ಎಂದು ತಮಿಳಿನಲ್ಲಿ ಹೇಳಿದಳು. ಹಾಗಾದರೆ ನಾಳೆ ಹೋಗಿ ದೊಡ್ಡದೊಂದು ಡ್ರಮ್ ತರಬೇಕು ಎಂದರು ತಾಯಿ.