ಬೇವಿನ ಟೊಂಗೆಗೆ ಕಟ್ಟಿದ ಕೆಂಪು ಬಟ್ಟೆ

ಈಗಲೂ ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ಬೇವಿನ ಚಿಗುರು ಕಂಡರೆ ನಿಂತುಬಿಡುತ್ತೇನೆ. ಕೈ ತಾನಾಗಿಯೇ ಮೊಬೈಲಿಗೆ ಹೋಗುತ್ತದೆ. ಈ ಚಟ ಹತ್ತಿದ್ದು ಘೋಡಗೇರಿಯ ನಮ್ಮ ಹೊಲದಲ್ಲಿ, ಬದುವಿನ ಬೇವಿನ ಮರದ ಕೆಳಗೆ.

ಆಗ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಾಗ ಒಂದು ಯೋಜನೆ ಕಣ್ಣಿಗೆ ಬಿತ್ತು. ಹಲವು ದೇಶಗಳ ಜನ ತಮ್ಮೂರಿನ ಒಂದು ಮರ ಆರಿಸಿಕೊಂಡು, ಅದು ಯಾವಾಗ ಚಿಗುರಿತೆಂದು ನೋಡಿ ಕಳಿಸುತ್ತಾರೆ. ಭೂಮಿಯ ಬಿಸಿ ಏರಿದರೆ ಚಿಗುರುವ ಕಾಲವೂ ಬದಲಾಗುತ್ತದಂತೆ. ಉಪಗ್ರಹಕ್ಕೆ ಮೇಲಿನಿಂದ ಹಸಿರು ಕಾಣುತ್ತದೆ, ಆದರೆ ಅದು ಕಂಡದ್ದು ಖರೆಯೋ ಅಲ್ಲವೋ ಎಂದು ಕೆಳಗೆ ನಿಂತವರೇ ಹೇಳಬೇಕು. ಅಬ್ಬಾ, ನಾನೂ ಹೇಳಬಹುದು! ಅವತ್ತೇ ಸೇರಿಕೊಂಡೆ. ನಿಯಮ ಇಷ್ಟೇ: ಮೊಗ್ಗಿನಿಂದ ಎಲೆ ಪೂರ್ತಿ ಬಿಚ್ಚುವವರೆಗೆ ಒಂದೇ ಟೊಂಗೆಯನ್ನು ನೋಡಬೇಕು. ಟೊಂಗೆ ಹೋದರೆ ಆ ವರ್ಷದ ಕೆಲಸವೇ ಹೋಯಿತು.

ಗುರುತಿಗೆಂದು ಅವ್ವನ ಹಳೇ ಸೀರೆಯ ಕೆಂಪು ಅಂಚು ಹರಿದು ಕಟ್ಟಿದೆ.

ಭಯವೊಂದೇ. ಬೇಸಿಗೆಯಲ್ಲಿ ಕುರಿ, ಆಡು ಕಾಯುವ ಕಾಕಾ ಉದ್ದ ಕೋಲಿಗೆ ಕುಡುಗೋಲು ಬಿಗಿದು ಬದುವಿನ ಮರಗಳ ತೊಪ್ಪಲು ಕಡಿದು ಆಡುಗಳಿಗೆ ಹಾಕುತ್ತಿದ್ದರು. ಬದಲಿಗೆ ಅವರ ಹಿಂಡು ನಮ್ಮ ಹೊಲದಲ್ಲಿ ತಂಗಿ ಗೊಬ್ಬರ ಬೀಳುತ್ತಿತ್ತು. ಅಜ್ಜನ ಕಾಲದ ಈ ಕೊಡುಕೊಳ್ಳುವಿಕೆಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ಮುಂಜಾನೆ ಹೊಲಕ್ಕೆ ಹೋದರೆ ಮರ ಬೋಳು! ಆಡುಗಳು ಎಳೆ ಚಿಗುರು ತಿನ್ನುತ್ತಿದ್ದವು. ತಲೆ ಎತ್ತಿದೆ. ಒಂದೇ ಟೊಂಗೆ ಉಳಿದಿತ್ತು, ಕೆಂಪು ಬಟ್ಟೆಯದು. ಮರದ ಬೊಡ್ಡೆಗೆ ದೇವರ ಭಂಡಾರದ ಅರಿಶಿನ ಬೇರೆ ಹಚ್ಚಿತ್ತು.

"ಏನ್ ಬೇಡ್ಕೊಂಡೀಯೋ? ಹುಡಗಿ ಸಿಗವಲ್ಲಳೇನ?" ಎಂದರು ಕಾಕಾ.

"ಹರಕಿ ಅಲ್ರಿ ಕಾಕಾ. ಆಕಾಶದಾಗ ಉಪಗ್ರಹ ಐತಲ್ರಿ, ಅದರ ಸಂಬಂಧ ಗುರ್ತ ಕಟ್ಟೇನಿ."

"ಅದೂ ಮ್ಯಾಲೇ ಕುಂತೈತಲ್ಲ? ಹಂಗಾರ ಹರಕೀನ."

ಮೊಬೈಲಿನಲ್ಲಿ ಜಗತ್ತಿನ ನಕ್ಷೆ ತೋರಿಸಿದೆ. ಎಷ್ಟೋ ದೇಶಗಳ ಮೇಲೆ ಚುಕ್ಕೆಗಳು, ನಮ್ಮ ಮರವೂ ಒಂದು ಚುಕ್ಕೆ.

"ಇಷ್ಟ ಮಂದಿ ಗಿಡಾ ನೋಡ್ಕೋತ ಕುಂತಾರ? ಅವರ ಆಡಿಗೆ ತೊಪ್ಪಲ ಯಾರ್ ಕಡೀತಾರ?"

ಎಲೆ ಬಿಚ್ಚಿದ ದಿನ ಫೋಟೋ ಕಳಿಸಿ, ಉಳಿದ ಮರವನ್ನು ಆಡು ತಿಂದಿವೆ ಎಂದೂ ಬರೆದೆ. ಇಲ್ಲದಿದ್ದರೆ ಮೇಲಿನಿಂದ ಬೋಳು, ಕೆಳಗಿನಿಂದ ಹಸಿರು ಎಂದು ಅವರು ತಲೆ ಕೆಡಿಸಿಕೊಳ್ಳುತ್ತಿದ್ದರು. ಸಮುದ್ರದಾಚೆಯ ಯಾರೋ ಉತ್ತರಿಸಿದರು: ನಮ್ಮಲ್ಲಿ ಜಿಂಕೆ ತಿನ್ನುತ್ತವೆ.

ಕಾಕಾನಿಗೆ ಹೇಳಿದಾಗ ಹೊಟ್ಟೆ ಹಿಡಿದು ನಕ್ಕರು. "ಅಲ್ಲೂ ಅದ ಹಾಡ ಅನ್ನು!"

ಮುಂದಿನ ವರ್ಷ ನಾನು ಗೋಕಾಕದಲ್ಲಿ ಕೆಲಸಕ್ಕೆ ಸೇರಿದ್ದೆ. ಊರಿಗೆ ಹೋಗಲು ತಡವಾಯಿತು. ಮಳೆಗಾಲದಲ್ಲಿ ಆ ಸೀರೆಯಂಚು ಕೊಳೆತು ಉದುರಿರಬೇಕು, ಟೊಂಗೆ ಯಾವುದೆಂದು ಹೇಗೆ ಗುರುತಿಸಲಿ ಎಂದುಕೊಳ್ಳುತ್ತಲೇ ಮರದ ಹತ್ತಿರ ಹೋದೆ. ಅದೇ ಟೊಂಗೆಗೆ ಕಾಕಾನ ರುಮಾಲಿನ ಚೂರು ಬಿಗಿದಿತ್ತು. ಮೊಗ್ಗು ಇನ್ನೂ ಒಡೆದಿರಲಿಲ್ಲ.

"ಲಗೂ ಫೋಟೋ ಹೊಡಿ," ಎಂದರು ಆಡುಗಳನ್ನು ಆಚೆ ಅಟ್ಟುತ್ತ. "ಜಿಂಕಿ ಮಂದಿ ಕಾಯಾಕತ್ತಿರ್ತಾರ."